ಒಂದೇ ಅಂಗಳ, ಇಬ್ಬರು ಎದುರಾಳಿಗಳು: ಹಂಚಿಕೊಂಡ ಕ್ರೀಡಾಂಗಣಗಳ ಲೆಕ್ಕಾಚಾರ

ಒಂದೇ ಊರಿನಲ್ಲಿ ಒಂದೇ ಗಿರಾಕಿಗಾಗಿ ಪೈಪೋಟಿ ನಡೆಸುವ ಇಬ್ಬರು ವ್ಯಾಪಾರಿಗಳು ಒಂದೇ ಕಟ್ಟಡವನ್ನು ಹಂಚಿಕೊಂಡು ವ್ಯವಹಾರ ನಡೆಸಲು ಸಾಧ್ಯವೇ? ನಮ್ಮ ಸದಸ್ಯರಲ್ಲಿ ಅನೇಕರು ಈ ಪ್ರಶ್ನೆಯನ್ನು ಒಂದಿಲ್ಲೊಂದು ರೂಪದಲ್ಲಿ ಎದುರಿಸಿರುತ್ತಾರೆ. ಶೀತಲ ಗೃಹ, ಉಗ್ರಾಣ, ಬಣ್ಣ ಹಾಕುವ ಘಟಕ, ಪರೀಕ್ಷಾ ಪ್ರಯೋಗಾಲಯ ಮುಂತಾದ ಸ್ಥಿರ ಆಸ್ತಿಗಳಿಗೆ ಹಾಕಬೇಕಾದ ಬಂಡವಾಳ ದೊಡ್ಡದು. ಒಬ್ಬನೇ ಬಳಸಿದರೆ ವರ್ಷದ ಬಹುಭಾಗ ಅವು ಖಾಲಿ ಬಿದ್ದಿರುತ್ತವೆ. ಹಂಚಿಕೊಳ್ಳೋಣವೆಂದರೆ ಪಕ್ಕದವನು ಎದುರಾಳಿ. ಒಂದೇ ಒರೆಯಲ್ಲಿ ಎರಡು ಕತ್ತಿ ಹಿಡಿಸದು ಎಂಬ ಮಾತು ಆಗ ನೆನಪಿಗೆ ಬರುತ್ತದೆ.

ಈ ಪ್ರಶ್ನೆಗೆ ಉತ್ತರವನ್ನು ಅನಿರೀಕ್ಷಿತವಾದೊಂದು ಕ್ಷೇತ್ರದಲ್ಲಿ, ಎಂದರೆ ಫುಟ್‌ಬಾಲ್ ಕ್ಷೇತ್ರದಲ್ಲಿ ಹುಡುಕಬಹುದಾಗಿದೆ. ಅಭಿಮಾನಿಗಳ ನಡುವೆ ತಲೆಮಾರುಗಳಿಂದ ಹಗೆ ಬೆಳೆದಿರುವ ಎರಡು ಕ್ಲಬ್ಬುಗಳು ಒಂದೇ ಕ್ರೀಡಾಂಗಣವನ್ನು ದಶಕಗಳ ಕಾಲ ಹಂಚಿಕೊಂಡ ನಿದರ್ಶನಗಳು ಯುರೋಪಿನಲ್ಲಿಯೂ ನಮ್ಮ ದೇಶದಲ್ಲಿಯೂ ಇವೆ. ಕೆಲವು ಗೆದ್ದಿವೆ, ಕೆಲವು ಮುರಿದು ಬಿದ್ದಿವೆ. ಎರಡಕ್ಕೂ ಕಾರಣಗಳು ಕರಾರು ಪತ್ರದಲ್ಲಿ ಹಾಗೂ ಅಢಾವೆ ಪತ್ರಿಕೆಯಲ್ಲಿ ಸಿಗುತ್ತವೆ. ಆ ದೃಷ್ಟಿಯಿಂದ ಈ ವಿಷಯವನ್ನು ಇಲ್ಲಿ ಪರಿಶೀಲಿಸಲಾಗಿದೆ.

ಹಂಚಿಕೆಯ ಮೂಲ ಗಣಿತ

ಇಟಲಿಯ ಪ್ರಥಮ ದರ್ಜೆಯ ಲೀಗಿನಲ್ಲಿ 20 ತಂಡಗಳಿವೆ. ಪ್ರತಿಯೊಂದು ತಂಡವೂ ಒಂದು ಋತುವಿನಲ್ಲಿ 38 ಪಂದ್ಯಗಳನ್ನು ಆಡುತ್ತದೆ. ಅವುಗಳಲ್ಲಿ 19 ಮಾತ್ರ ತನ್ನ ಅಂಗಳದಲ್ಲಿ ನಡೆಯುತ್ತವೆ. ಇತರ ಪಂದ್ಯಾವಳಿಗಳನ್ನು ಸೇರಿಸಿದರೂ ಈ ಸಂಖ್ಯೆ ಸುಮಾರು 25ನ್ನು ದಾಟುವುದು ಅಪರೂಪ. ಎಂದರೆ ಕೋಟಿಗಟ್ಟಲೆ ಹಣ ಸುರಿದು ಕಟ್ಟಿದ ಆಸ್ತಿಯು ತನ್ನ ಮುಖ್ಯ ಉದ್ದೇಶಕ್ಕೆ ವರ್ಷದ 365 ದಿನಗಳಲ್ಲಿ 25 ದಿನ ಮಾತ್ರ ದುಡಿಯುತ್ತದೆ. ಯಾವ ಕಾರ್ಖಾನೆಯ ಯಂತ್ರವನ್ನೂ ಇಷ್ಟು ಕಡಿಮೆ ದುಡಿಸಿ ಲಾಭ ಕಾಣುವುದು ಕಷ್ಟ.

ವಿವರಣೆಗಾಗಿ ಒಂದು ಕಾಲ್ಪನಿಕ ಲೆಕ್ಕವನ್ನು ನೋಡೋಣ. ಒಂದು ಕ್ರೀಡಾಂಗಣದ ವಾರ್ಷಿಕ ಸ್ಥಿರ ವೆಚ್ಚ, ಅಂದರೆ ಸವಕಳಿ, ಬಡ್ಡಿ, ವಿಮೆ, ಕಾಯಂ ಸಿಬ್ಬಂದಿಯ ವೇತನ ಇತ್ಯಾದಿ, 10 ಕೋಟಿ ರೂಪಾಯಿ ಎಂದಿಟ್ಟುಕೊಳ್ಳಿ. ಪ್ರತಿ ಪಂದ್ಯಕ್ಕೆ ತಗಲುವ ಬದಲಾಗುವ ವೆಚ್ಚ 10 ಲಕ್ಷ. ಒಂದೇ ಕ್ಲಬ್ಬು 25 ಪಂದ್ಯ ಆಡಿದರೆ ಪಂದ್ಯವೊಂದರ ಪಾಲಿಗೆ 40 ಲಕ್ಷ ಸ್ಥಿರ ವೆಚ್ಚ, 10 ಲಕ್ಷ ಬದಲಾಗುವ ವೆಚ್ಚ, ಒಟ್ಟು 50 ಲಕ್ಷ ಬೀಳುತ್ತದೆ. ಎರಡನೆಯ ಕ್ಲಬ್ಬು ಸೇರಿ ಪಂದ್ಯಗಳು 50 ಆದವೆನ್ನಿ. ಹುಲ್ಲುಹಾಸು ಬೇಗ ಸವೆಯುವುದರಿಂದ ಸ್ಥಿರ ವೆಚ್ಚ 11 ಕೋಟಿಗೆ ಏರುತ್ತದೆ. ಪ್ರತಿ ಸಲ ಬಾವುಟ, ಜಾಹೀರಾತು ಫಲಕಗಳನ್ನು ಬದಲಾಯಿಸಬೇಕಾದ್ದರಿಂದ ಬದಲಾಗುವ ವೆಚ್ಚ 12 ಲಕ್ಷವಾಗುತ್ತದೆ. ಆಗಲೂ ಪಂದ್ಯವೊಂದಕ್ಕೆ 22 ಲಕ್ಷ ಮತ್ತು 12 ಲಕ್ಷ, ಒಟ್ಟು 34 ಲಕ್ಷ ಮಾತ್ರ. ಪಂದ್ಯಕ್ಕೆ 16 ಲಕ್ಷದಂತೆ ಒಂದೊಂದು ಕ್ಲಬ್ಬಿಗೂ ವರ್ಷಕ್ಕೆ 4 ಕೋಟಿ ಉಳಿತಾಯ.

ಆದರೆ ಲೆಕ್ಕ ಇಲ್ಲಿಗೆ ಮುಗಿಯುವುದಿಲ್ಲ. ತನ್ನದೇ ಆದ ಕ್ರೀಡಾಂಗಣವಿದ್ದಿದ್ದರೆ ಹೆಸರಿನ ಹಕ್ಕು, ವಿಶೇಷ ಆಸನಗಳು, ಅಂಗಡಿ, ಉಪಾಹಾರ ಗೃಹ ಮುಂತಾದವುಗಳಿಂದ ಎಷ್ಟು ಹೆಚ್ಚಿನ ಆದಾಯ ಬರುತ್ತಿತ್ತು ಎಂಬುದನ್ನು ಎದುರಿಗೆ ಬರೆಯಬೇಕು. ಆ ಮೊತ್ತ 4 ಕೋಟಿಗಿಂತ ಕಡಿಮೆಯಾದರೆ ಹಂಚಿಕೆ ಲಾಭಕರ, ಹೆಚ್ಚಾದರೆ ನಷ್ಟಕರ. ಮುಂದೆ ಹೇಳಲಿರುವ ಎಲ್ಲ ನಿದರ್ಶನಗಳೂ ಈ ಒಂದು ತಕ್ಕಡಿಯಲ್ಲಿ ತೂಗಬಹುದಾದವುಗಳೇ.

ಮಿಲಾನಿನ ಮಾದರಿ: ಇಬ್ಬರೂ ಬಾಡಿಗೆದಾರರು

ಇಟಲಿಯ ಮಿಲಾನ್ ನಗರದ ಎ.ಸಿ. ಮಿಲಾನ್ ಕ್ಲಬ್ಬು ಸ್ಥಾಪನೆಯಾದದ್ದು 1899ರಲ್ಲಿ. ವಿದೇಶಿ ಆಟಗಾರರನ್ನು ಸೇರಿಸಿಕೊಳ್ಳುವ ವಿಚಾರದಲ್ಲಿ ಭಿನ್ನಾಭಿಪ್ರಾಯ ತಲೆದೋರಿ ಒಂದು ಗುಂಪು ಹೊರನಡೆದು 1908ರಲ್ಲಿ ಇಂಟರ್ ಕ್ಲಬ್ಬನ್ನು ಕಟ್ಟಿತು. ಹೀಗೆ ಇದು ಒಡೆದ ಮನೆಯ ಪೈಪೋಟಿ.

ಎ.ಸಿ. ಮಿಲಾನಿನ ಅಂದಿನ ಅಧ್ಯಕ್ಷರೂ ಟೈರು ತಯಾರಿಕೆಗೆ ಹೆಸರಾದ ಮನೆತನದವರೂ ಆದ ಪಿಯೆರೊ ಪಿರೆಲ್ಲಿಯವರು ಸ್ಯಾನ್ ಸಿರೊ ಬಡಾವಣೆಯಲ್ಲಿ ಕ್ರೀಡಾಂಗಣವನ್ನು ಕಟ್ಟಿಸಿದರು. 1926ರ ಸೆಪ್ಟೆಂಬರ್ 19ರಂದು ನಡೆದ ಉದ್ಘಾಟನಾ ಪಂದ್ಯದಲ್ಲಿ ಅತಿಥಿಯಾಗಿ ಬಂದ ಇಂಟರ್ 6-3ರಿಂದ ಗೆದ್ದಿತು. 1935ರಲ್ಲಿ ಈ ಆಸ್ತಿ ನಗರಸಭೆಯ ಕೈಸೇರಿತು. ಅದುವರೆಗೆ ಬೇರೆಡೆ ಆಡುತ್ತಿದ್ದ ಇಂಟರ್ 1947ರಿಂದ ಇಲ್ಲಿಯೇ ನೆಲೆಸಿತು. ಹಂಚಿಕೆ ಸಾಧ್ಯವಾದದ್ದು ಮುಖ್ಯವಾಗಿ ಕಟ್ಟಡದ ಒಡೆತನ ಇಬ್ಬರಲ್ಲಿ ಯಾರದೂ ಅಲ್ಲದ್ದರಿಂದ ಎಂಬುದನ್ನು ಗಮನಿಸಬೇಕು. ನಗರಸಭೆ ಮಾಲೀಕ, ಇಬ್ಬರೂ ಸಮಾನ ಬಾಡಿಗೆದಾರರು. ಒಬ್ಬ ಎದುರಾಳಿ ಇನ್ನೊಬ್ಬನಿಗೆ ಬಾಡಿಗೆ ಕೊಡಬೇಕಾದ ಮುಜುಗರ ಇರಲಿಲ್ಲ.

1955ರಲ್ಲಿ ಎರಡನೆಯ ಅಂತಸ್ತನ್ನೂ, 1990ರ ವಿಶ್ವಕಪ್ಪಿಗಾಗಿ ಮೂರನೆಯ ಅಂತಸ್ತು ಹಾಗೂ ಮೇಲ್ಛಾವಣಿಯನ್ನೂ ಸೇರಿಸಲಾಯಿತು. ಸುಮಾರು 75,000 ಪ್ರೇಕ್ಷಕರು ಕೂರಬಹುದಾದ ಬೃಹತ್ ಕಟ್ಟಡವಾಗಿ ಅದು ಬೆಳೆಯಿತು. 1980ರಲ್ಲಿ ಇದಕ್ಕೆ ಜುಸೆಪ್ಪೆ ಮೆಯಾಟ್ಸಾ ಎಂಬ ಆಟಗಾರರ ಹೆಸರನ್ನು ಇಡಲಾಯಿತು. ಅವರು ಮುಖ್ಯವಾಗಿ ಇಂಟರ್ ಪರವಾಗಿಯೂ, ಸ್ವಲ್ಪ ಕಾಲ ಎ.ಸಿ. ಮಿಲಾನ್ ಪರವಾಗಿಯೂ ಆಡಿದವರು. ಆದರೂ ಮಿಲಾನ್ ಅಭಿಮಾನಿಗಳು ಹಳೆಯ ಹೆಸರನ್ನೇ ಬಳಸುವುದು ವಾಡಿಕೆ. ಒಂದು ಗೋಲಿನ ಹಿಂದಿನ ದಕ್ಷಿಣ ಭಾಗ ಮಿಲಾನ್ ಅಭಿಮಾನಿಗಳದು, ಉತ್ತರ ಭಾಗ ಇಂಟರ್ ಅಭಿಮಾನಿಗಳದು ಎಂಬ ಕಟ್ಟುಪಾಡು ಬೆಳೆದು ಬಂದಿತು.

ದೈನಂದಿನ ನಿರ್ವಹಣೆಗಾಗಿ ಎರಡು ಕ್ಲಬ್ಬುಗಳೂ ಸಮಪಾಲಿನಲ್ಲಿ ಒಂದು ಜಂಟಿ ಕಂಪನಿಯನ್ನು ರಚಿಸಿಕೊಂಡವು. ಹುಲ್ಲುಹಾಸು, ವಿದ್ಯುತ್ತು, ದುರಸ್ತಿ, ವಸ್ತುಸಂಗ್ರಹಾಲಯ ಮುಂತಾದ ಸಾಮಾನ್ಯ ಬಾಬ್ತುಗಳು ಆ ಕಂಪನಿಯ ಪುಸ್ತಕಕ್ಕೆ ಸೇರುತ್ತವೆ. ಟಿಕೆಟ್ ಹಣ, ಪ್ರಾಯೋಜಕರ ಹಣ ಮಾತ್ರ ಆಯಾ ಪಂದ್ಯದ ಆತಿಥೇಯ ಕ್ಲಬ್ಬಿಗೆ ಸೇರತಕ್ಕದ್ದು. ಖರ್ಚು ಒಂದೆಡೆ, ಗಳಿಕೆ ಬೇರೆ ಬೇರೆ ಎಂಬ ಈ ವಿಂಗಡಣೆಯೇ ಹಂಚಿಕೆಯ ಬೆನ್ನೆಲುಬು.

ಈ ವಿಂಗಡಣೆ ಎಷ್ಟು ಕಟ್ಟುನಿಟ್ಟಾದದ್ದು ಎಂಬುದಕ್ಕೆ ಎರಡು ಪ್ರಸಂಗಗಳು ಸಾಕ್ಷಿ. 2003ರ ಮೇ ತಿಂಗಳಲ್ಲಿ ಚಾಂಪಿಯನ್ಸ್ ಲೀಗಿನ ಉಪಾಂತ್ಯದಲ್ಲಿ ಈ ಎರಡು ತಂಡಗಳೇ ಎದುರಾದವು. ಎರಡೂ ಪಂದ್ಯಗಳು ಇದೇ ಅಂಗಳದಲ್ಲಿ ನಡೆದು 0-0 ಮತ್ತು 1-1ರಿಂದ ಸಮನಾದವು. ಅಂದಿನ ನಿಯಮದಂತೆ ಎದುರಾಳಿಯ ನೆಲದಲ್ಲಿ ಹೊಡೆದ ಗೋಲಿಗೆ ಹೆಚ್ಚಿನ ಬೆಲೆ. ಎರಡನೆಯ ಪಂದ್ಯಕ್ಕೆ ಇಂಟರ್ ಆತಿಥೇಯನೆಂದು ದಾಖಲಾಗಿದ್ದರಿಂದ, ಅದೇ ಅಂಗಳದಲ್ಲಿ ಮಿಲಾನ್ ಹೊಡೆದ ಗೋಲು ‘ಹೊರ ನೆಲದ ಗೋಲು’ ಎನಿಸಿ ಮಿಲಾನ್ ಅಂತಿಮ ಪಂದ್ಯಕ್ಕೆ ಏರಿತು. ನೆಲ ಒಂದೇ, ಖಾತೆಯ ಶಿರೋನಾಮೆ ಮಾತ್ರ ಬೇರೆ. 2021ರಲ್ಲಿ ಯುರೋಪಿನ ಫುಟ್‌ಬಾಲ್ ಒಕ್ಕೂಟವು ಈ ನಿಯಮವನ್ನು ಕೈಬಿಟ್ಟಿತು.

2005ರ ಏಪ್ರಿಲ್ 12ರಂದು ಇದೇ ತಂಡಗಳ ನಡುವಣ ಪಂದ್ಯದಲ್ಲಿ ಇಂಟರ್ ಅಭಿಮಾನಿಗಳ ಕಡೆಯಿಂದ ಬಂದ ಉರಿಯುವ ಪಟಾಕಿ ಮಿಲಾನಿನ ಗೋಲು ರಕ್ಷಕ ಡೀಡಾ ಅವರ ಹೆಗಲಿಗೆ ಬಡಿಯಿತು. ಪಂದ್ಯ ನಿಂತಿತು, ಮಿಲಾನ್ 3-0ರಿಂದ ವಿಜಯಿ ಎಂದು ಘೋಷಿಸಲಾಯಿತು. ಶಿಕ್ಷೆಯಾಗಿ ಇಂಟರ್ ತನ್ನ ಮುಂದಿನ ನಾಲ್ಕು ಯುರೋಪಿಯನ್ ಪಂದ್ಯಗಳನ್ನು ಪ್ರೇಕ್ಷಕರಿಲ್ಲದೆ ಆಡಬೇಕಾಯಿತು. ಇಲ್ಲಿ ಗಮನಿಸತಕ್ಕ ಅಂಶವೆಂದರೆ, ದಂಡ ವಿಧಿಸಿದ್ದು ಕಟ್ಟಡಕ್ಕಲ್ಲ, ಕ್ಲಬ್ಬಿಗೆ. ಅದೇ ಕಟ್ಟಡದಲ್ಲಿ ಮಿಲಾನ್ ತನ್ನ ಪ್ರೇಕ್ಷಕರೊಡನೆ ಎಂದಿನಂತೆ ಆಡಿತು. ಹಂಚಿಕೊಂಡ ಆಸ್ತಿಯಲ್ಲಿ ಒಬ್ಬನ ತಪ್ಪಿಗೆ ಇನ್ನೊಬ್ಬನ ವ್ಯವಹಾರ ನಿಲ್ಲಬಾರದು ಎಂಬ ತತ್ವ ಇದು.

ಮ್ಯೂನಿಕ್ಕಿನ ಪಾಠ: ಇಬ್ಬರೂ ಮಾಲೀಕರಾದಾಗ

ಜರ್ಮನಿಯ ಮ್ಯೂನಿಕ್ ನಗರದ ಬಯರ್ನ್ ಮತ್ತು 1860 ಮ್ಯೂನಿಕ್ ಎಂಬ ಕ್ಲಬ್ಬುಗಳು ಬಾಡಿಗೆಯ ಬದಲು ಜಂಟಿ ಒಡೆತನದ ದಾರಿಯನ್ನು ಹಿಡಿದವು. ಎರಡೂ ಅರ್ಧರ್ಧ ಪಾಲು ಹೊಂದಿದ ಕಂಪನಿಯೊಂದರ ಮೂಲಕ ಸುಮಾರು 34 ಕೋಟಿ ಯುರೋ ವೆಚ್ಚದಲ್ಲಿ ಅಲಿಯಾನ್ಸ್ ಅರೀನಾ ನಿರ್ಮಾಣವಾಗಿ 2005ರಲ್ಲಿ ತೆರೆಯಿತು. ಹೊರಗೋಡೆಯ ದೀಪಗಳು ಬಯರ್ನ್ ಆಡುವಾಗ ಕೆಂಪು, 1860 ಆಡುವಾಗ ನೀಲಿ, ರಾಷ್ಟ್ರೀಯ ತಂಡ ಆಡುವಾಗ ಬಿಳಿ ಬಣ್ಣಕ್ಕೆ ತಿರುಗುವಂತೆ ವ್ಯವಸ್ಥೆ ಮಾಡಲಾಗಿತ್ತು. ಹೊರನೋಟಕ್ಕೆ ಆದರ್ಶ ಪಾಲುದಾರಿಕೆ.

ಒಳಗಿನ ಸ್ಥಿತಿ ಬೇರೆಯಾಗಿತ್ತು. 1860 ಮ್ಯೂನಿಕ್ ಕ್ರೀಡಾಂಗಣ ತೆರೆಯುವ ಮೊದಲೇ, 2004ರಲ್ಲಿ ಎರಡನೆಯ ದರ್ಜೆಗೆ ಇಳಿದಿತ್ತು. ಪ್ರಥಮ ದರ್ಜೆಯ ಆದಾಯವನ್ನು ನಂಬಿ ಒಪ್ಪಿಕೊಂಡ ಹೊಣೆಗಳು ಹಾಗೆಯೇ ಉಳಿದವು. ಆದಾಯ ಮಾತ್ರ ಕುಸಿಯಿತು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬುದು ಸರಿಯೇ, ಆದರೆ ಕಾಲು ಚಾಚಿದ ಮೇಲೆ ಹಾಸಿಗೆಯೇ ಕುಗ್ಗಿದರೆ? 2006ರ ಏಪ್ರಿಲ್‌ನಲ್ಲಿ ಹಣದ ಮುಗ್ಗಟ್ಟಿಗೆ ಸಿಲುಕಿದ ಆ ಕ್ಲಬ್ಬು ತನ್ನ ಪೂರ್ತಿ ಅರ್ಧ ಪಾಲನ್ನು ಎದುರಾಳಿ ಬಯರ್ನಿಗೆ 1.1 ಕೋಟಿ ಯುರೋಗೆ ಮಾರಿತು.

34 ಕೋಟಿಯ ಕಟ್ಟಡದ ಅರ್ಧ ಪಾಲಿಗೆ 1.1 ಕೋಟಿಯೇ ಎಂದು ಓದುಗರು ಕೇಳಬಹುದು. ಕಾರಣ ಸ್ಪಷ್ಟ. ಮಾರಾಟವಾದದ್ದು ಕಟ್ಟಡದ ಅರ್ಧವಲ್ಲ, ಕಂಪನಿಯ ಅರ್ಧ ಷೇರು. ಕಂಪನಿಯ ಆಸ್ತಿಯ ಎದುರಿಗೆ ದೊಡ್ಡ ಸಾಲವಿತ್ತು. ಆಸ್ತಿಯಿಂದ ಸಾಲವನ್ನು ಕಳೆದು ಉಳಿದದ್ದಷ್ಟೇ ಪಾಲುದಾರನ ಸ್ವತ್ತು. ಅದರ ಮೇಲೆ, ಮಾರುವವನಿಗೆ ಆತುರವಿದ್ದು ಕೊಳ್ಳುವವನು ಒಬ್ಬನೇ ಇದ್ದಾಗ ಚೌಕಾಶಿಯ ಬಲ ಯಾರ ಕಡೆಗಿರುತ್ತದೆ ಎಂಬುದನ್ನು ವ್ಯಾಪಾರಸ್ಥರಿಗೆ ಹೇಳಬೇಕಾಗಿಲ್ಲ.

ಅಂದಿನಿಂದ 1860 ತನ್ನದೇ ಆಗಿದ್ದ ಮನೆಯಲ್ಲಿ ಬಾಡಿಗೆದಾರನಾಗಿ ಉಳಿಯಿತು. 2017ರಲ್ಲಿ ನಾಲ್ಕನೆಯ ದರ್ಜೆಗೆ ಜಾರಿದಾಗ ಕರಾರು ಕೊನೆಗೊಂಡು ತನ್ನ ಹಳೆಯ ಚಿಕ್ಕ ಅಂಗಳಕ್ಕೆ ಮರಳಿತು. ಬಯರ್ನ್ 2014ರಲ್ಲಿ ತನ್ನ ಶೇ. 8.33ರಷ್ಟು ಷೇರುಗಳನ್ನು ಅಲಿಯಾನ್ಸ್ ವಿಮಾ ಕಂಪನಿಗೆ 11 ಕೋಟಿ ಯುರೋಗೆ ನೀಡಿ, ಕ್ರೀಡಾಂಗಣದ ಸಾಲವನ್ನು ಅವಧಿಗೆ ಬಹಳ ಮುಂಚೆಯೇ ತೀರಿಸಿತು. ಸಮಪಾಲು ಎಂಬುದು ಸಮಬಲವಲ್ಲ ಎಂಬುದೇ ಇದರ ಸಾರಾಂಶ.

ಬೇರೆಯಾದವರ ಲೆಕ್ಕ

ಇಂಗ್ಲೆಂಡಿನ ಲಿವರ್‌ಪೂಲ್ ನಗರದ ಆನ್‌ಫೀಲ್ಡ್ ಅಂಗಳದಲ್ಲಿ 1884ರಿಂದ ಆಡುತ್ತಿದ್ದದ್ದು ಎವರ್ಟನ್ ಕ್ಲಬ್ಬು. ಮದ್ಯ ತಯಾರಿಕೆಯ ಉದ್ಯಮಿ ಜಾನ್ ಹೌಲ್ಡಿಂಗ್ ಅವರು ಕ್ಲಬ್ಬಿನ ಅಧ್ಯಕ್ಷರೂ ಹೌದು, ಅಂಗಳದ ಒಡೆಯರೂ ಹೌದು. ವಾರ್ಷಿಕ ಬಾಡಿಗೆ 100 ಪೌಂಡಿನಿಂದ 250 ಪೌಂಡಿಗೆ ಏರಿದ್ದು, ಅಂಗಳದಲ್ಲಿ ಅವರದೇ ಪಾನೀಯ ಮಾರಬೇಕೆಂಬ ಷರತ್ತು ಮುಂತಾದ ಕಾರಣಗಳಿಂದ ಜಗಳವಾಗಿ 1892ರಲ್ಲಿ ಎವರ್ಟನ್ ಹೊರನಡೆಯಿತು. ಖಾಲಿಯಾದ ಅಂಗಳಕ್ಕಾಗಿ ಹೌಲ್ಡಿಂಗ್ ಅವರು ಅದೇ ವರ್ಷ ಹೊಸ ಕ್ಲಬ್ಬನ್ನು ಸ್ಥಾಪಿಸಿದರು. ಅದೇ ಇಂದಿನ ಲಿವರ್‌ಪೂಲ್ ಕ್ಲಬ್ಬು. ಮಾಲೀಕ ಮತ್ತು ನಿರ್ವಾಹಕ ಎರಡೂ ಸ್ಥಾನಗಳಲ್ಲಿ ಒಬ್ಬರೇ ಕುಳಿತಾಗ ಹಿತಾಸಕ್ತಿಗಳ ಘರ್ಷಣೆ ಹೇಗೆ ಪೈಪೋಟಿಯ ಹೊಸ ಸಂಸ್ಥೆಯನ್ನೇ ಹುಟ್ಟುಹಾಕೀತು ಎಂಬುದಕ್ಕೆ ಇದು ನಿದರ್ಶನ.

ಇಟಲಿಯ ಟ್ಯೂರಿನ್ ನಗರದಲ್ಲಿ ಯುವೆಂಟಸ್ ಮತ್ತು ಟೊರಿನೊ ಕ್ಲಬ್ಬುಗಳು 1990ರಿಂದ 2006ರ ವರೆಗೆ ಡೆಲ್ಲೆ ಆಲ್ಪಿ ಎಂಬ ವಿಶಾಲ ಕ್ರೀಡಾಂಗಣವನ್ನು ಹಂಚಿಕೊಂಡವು. ಓಟದ ಪಥ ಅಂಗಳವನ್ನು ಸುತ್ತುವರಿದಿದ್ದರಿಂದ ಪ್ರೇಕ್ಷಕರು ಆಟದಿಂದ ದೂರ ಕುಳಿತುಕೊಳ್ಳಬೇಕಾಗಿತ್ತು. ಆಸನಗಳು ಖಾಲಿ ಉಳಿಯುತ್ತಿದ್ದವು. ಯುವೆಂಟಸ್ ಆ ಜಾಗವನ್ನು ನಗರಸಭೆಯಿಂದ 99 ವರ್ಷಗಳ ಅವಧಿಗೆ ಪಡೆದು, ಹಳೆಯದನ್ನು ಕೆಡವಿ, ಸುಮಾರು 41,000 ಆಸನಗಳ ಚಿಕ್ಕ ಕ್ರೀಡಾಂಗಣವನ್ನು 2011ರಲ್ಲಿ ತೆರೆಯಿತು. ಮೊದಲ ಋತುವಿನಲ್ಲಿಯೇ ಪಂದ್ಯದ ದಿನದ ಆದಾಯ ಎರಡು ಪಟ್ಟಿಗಿಂತಲೂ ಹೆಚ್ಚಿತು. ಕಡಿಮೆ ಆಸನ, ಹೆಚ್ಚು ಆದಾಯ. ಮೇಲಿನ ತಕ್ಕಡಿಯಲ್ಲಿ ಯುವೆಂಟಸ್ಸಿನ ಪಾಲಿಗೆ ಸ್ವಂತ ಮನೆಯ ತಟ್ಟೆ ಭಾರವಾಗಿತ್ತು.

ಕೋಲ್ಕತ್ತ ಹಾಗೂ ಬೆಂಗಳೂರು

1889ರಲ್ಲಿ ಹುಟ್ಟಿದ ಮೋಹನ್ ಬಾಗಾನ್ ಮತ್ತು 1920ರಲ್ಲಿ ಹುಟ್ಟಿದ ಈಸ್ಟ್ ಬೆಂಗಾಲ್ ಕ್ಲಬ್ಬುಗಳಿಗೆ ಕೋಲ್ಕತ್ತದ ಮೈದಾನದಲ್ಲಿ ಬೇರೆ ಬೇರೆ ಅಂಗಳಗಳಿವೆ. ಆದರೆ ದೊಡ್ಡ ಪಂದ್ಯಗಳಿಗೆ ಇಬ್ಬರೂ 1984ರಲ್ಲಿ ತೆರೆದ, ಪಶ್ಚಿಮ ಬಂಗಾಳ ಸರಕಾರದ ಸಾಲ್ಟ್ ಲೇಕ್ ಕ್ರೀಡಾಂಗಣವನ್ನೇ ಆಶ್ರಯಿಸುತ್ತಾರೆ. 1997ರ ಜುಲೈ 13ರಂದು ಫೆಡರೇಷನ್ ಕಪ್ಪಿನ ಉಪಾಂತ್ಯಕ್ಕೆ 1,31,000ಕ್ಕೂ ಹೆಚ್ಚು ಪ್ರೇಕ್ಷಕರು ಇಲ್ಲಿ ಸೇರಿದ್ದರು. ಅಂಥ ಒಂದು ದಿನಕ್ಕಾಗಿ ಯಾವ ಕ್ಲಬ್ಬೂ ತನ್ನ ಸ್ವಂತ ಹಣದಿಂದ ಅಷ್ಟು ದೊಡ್ಡ ಕಟ್ಟಡವನ್ನು ಕಟ್ಟಲಾರದು. ಸರಕಾರ ಮಾಲೀಕನಾಗಿರುವುದು ಇಲ್ಲಿ ಅನಿವಾರ್ಯ. ಆದರೆ ಅದಕ್ಕೂ ಒಂದು ಬೆಲೆಯಿದೆ. 2024ರ ಆಗಸ್ಟ್ 18ರಂದು ನಡೆಯಬೇಕಾಗಿದ್ದ ಡ್ಯುರಾಂಡ್ ಕಪ್ಪಿನ ಪಂದ್ಯ ನಗರದಲ್ಲಿನ ಪ್ರತಿಭಟನೆಗಳ ಹಿನ್ನೆಲೆಯಲ್ಲಿ ರದ್ದಾಯಿತು. ಆ ತೀರ್ಮಾನ ಕ್ಲಬ್ಬುಗಳ ಕೈಯಲ್ಲಿ ಇರಲಿಲ್ಲ.

ಬೆಂಗಳೂರಿನಲ್ಲಿ ಸ್ಥಳೀಯ ಲೀಗಿನ ಕ್ಲಬ್ಬುಗಳು ಬಹುಕಾಲದಿಂದ ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣವನ್ನು ಹಂಚಿಕೊಂಡು ಬಂದಿವೆ. ಬೆಂಗಳೂರು ಎಫ್.ಸಿ. ಕೂಡ 2013-14ರ ತನ್ನ ಮೊದಲ ಋತುವನ್ನು ಅಲ್ಲಿಯೇ ಆಡಿ ನಂತರ ಕಂಠೀರವ ಕ್ರೀಡಾಂಗಣಕ್ಕೆ ಹೋಯಿತು. ಅಲ್ಲಿ ಹಂಚಿಕೆ ಅಥ್ಲೆಟಿಕ್ಸ್ ಕ್ರೀಡಾಪಟುಗಳೊಂದಿಗೆ. ಒಂದೇ ಆಟದ ಇಬ್ಬರು ಎದುರಾಳಿಗಳ ನಡುವಣ ಹಂಚಿಕೆಗಿಂತ ಬೇರೆ ಬೇರೆ ಅಗತ್ಯಗಳ ಇಬ್ಬರ ನಡುವಣ ಹಂಚಿಕೆ ಕಠಿಣ. ಒಬ್ಬರಿಗೆ ಹುಲ್ಲು ಬೇಕು, ಇನ್ನೊಬ್ಬರಿಗೆ ದಿನನಿತ್ಯ ಓಟದ ಪಥ ಬೇಕು.

ಮತ್ತೆ ಮಿಲಾನಿಗೆ

ಮಿಲಾನಿನ ಕಥೆ ಈಗ ಹೊಸ ತಿರುವು ಪಡೆದಿದೆ. ಎರಡೂ ಕ್ಲಬ್ಬುಗಳು 2019ರಲ್ಲಿ ಹೊಸ ಜಂಟಿ ಕ್ರೀಡಾಂಗಣದ ಯೋಜನೆಯನ್ನು ಮುಂದಿಟ್ಟವು. ಅನುಮತಿ ತಡವಾದಾಗ 2023ರಲ್ಲಿ ಬೇರೆಯಾಗಿ, ಮಿಲಾನ್ ಸ್ಯಾನ್ ಡೊನಾಟೊದಲ್ಲಿಯೂ ಇಂಟರ್ ರೊಟ್ಸಾನೊದಲ್ಲಿಯೂ ಜಾಗ ಹುಡುಕಿದವು. ಈ ಅನಿಶ್ಚಿತತೆಗೆ ಬೆಲೆ ತೆರಬೇಕಾಯಿತು: ನವೀಕರಣದ ಖಾತರಿ ದೊರೆಯದೆ 2024ರ ಸೆಪ್ಟೆಂಬರ್‌ನಲ್ಲಿ ಯುರೋಪಿನ ಒಕ್ಕೂಟವು 2027ರ ಚಾಂಪಿಯನ್ಸ್ ಲೀಗ್ ಅಂತಿಮ ಪಂದ್ಯವನ್ನು ಸ್ಯಾನ್ ಸಿರೊದಿಂದ ಹಿಂತೆಗೆದುಕೊಂಡಿತು. ಕೊನೆಗೆ ಎದುರಾಳಿಗಳು ಮತ್ತೆ ಒಂದಾಗಿ, 2025ರ ನವೆಂಬರ್ 5ರಂದು ಕ್ರೀಡಾಂಗಣವನ್ನೂ ಸುತ್ತಣ ಜಾಗವನ್ನೂ ನಗರಸಭೆಯಿಂದ 19.7 ಕೋಟಿ ಯುರೋಗೆ ಕೊಂಡವು. 1955ರ ಎರಡನೆಯ ಅಂತಸ್ತಿಗೆ ನವೆಂಬರ್ 10ಕ್ಕೆ 70 ವರ್ಷ ತುಂಬಿ ಪಾರಂಪರಿಕ ಕಟ್ಟಡದ ರಕ್ಷಣೆ ಬರುವುದಿತ್ತು. ಅದಕ್ಕೆ ಐದು ದಿನ ಮುಂಚೆ ಕ್ರಯಪತ್ರವಾಯಿತು. ನಗರಸಭೆಯಲ್ಲಿ ಈ ಮಾರಾಟಕ್ಕೆ ಪರವಾಗಿ 24, ವಿರೋಧವಾಗಿ 20 ಮತಗಳು ಬಿದ್ದಿದ್ದವು. ಸಾರ್ವಜನಿಕ ಆಸ್ತಿಯ ಮಾರಾಟ ಎಷ್ಟು ಸೂಕ್ಷ್ಮವೆಂಬುದಕ್ಕೆ ಈ ಅಂಕಿಗಳೇ ಸಾಕು.

ಅಲ್ಲಿ ಸುಮಾರು 71,500 ಆಸನಗಳ ಹೊಸ ಕ್ರೀಡಾಂಗಣ ಕಟ್ಟುವ ಯೋಜನೆಯಿದೆ. ಅಂದರೆ ಬಾಡಿಗೆದಾರರಾಗಿದ್ದ ಇಬ್ಬರು ಈಗ ಸಹ-ಮಾಲೀಕರು. ಮಿಲಾನ್ ಇನ್ನು ಮುಂದೆ ಮ್ಯೂನಿಕ್ಕಿನ ಹಾದಿಯಲ್ಲಿದೆ. ನಡುವೆ ನಿಂತು ಸಮತೋಲ ಕಾಯುತ್ತಿದ್ದ ಮೂರನೆಯ ಮಾಲೀಕ ಈಗ ಇಲ್ಲ. ಒಬ್ಬರ ಆರ್ಥಿಕ ಸ್ಥಿತಿ ಹದಗೆಟ್ಟರೆ ಏನಾಗಬೇಕೆಂಬುದನ್ನು ಕರಾರು ಪತ್ರವೇ ಹೇಳಬೇಕು.

ನಮ್ಮ ಸದಸ್ಯರಿಗೆ ಕೆಲವು ಸೂಚನೆಗಳು

ಎದುರಾಳಿಯೊಂದಿಗೆ ಆಸ್ತಿ ಹಂಚಿಕೊಳ್ಳಲು ಬಯಸುವ ಉದ್ಯಮಿಗಳು ಈ ಕೆಳಕಂಡ ಅಂಶಗಳನ್ನು ಗಮನದಲ್ಲಿ ಇರಿಸಿಕೊಳ್ಳುವುದು ಒಳಿತು.

1. ಒಡೆತನದ ಸ್ವರೂಪವನ್ನು ಮೊದಲು ತೀರ್ಮಾನಿಸಿ. ಸಾಧ್ಯವಾದಲ್ಲಿ ಆಸ್ತಿ ಪ್ರತ್ಯೇಕ ಸಂಸ್ಥೆಯ ಹೆಸರಿನಲ್ಲಿರಲಿ. ಸಣ್ಣ ಕೈಗಾರಿಕಾ ಸಮೂಹಗಳ ಅಭಿವೃದ್ಧಿ ಯೋಜನೆಯಡಿ ಸ್ಥಾಪನೆಯಾಗುವ ಸಾಮಾನ್ಯ ಸೌಲಭ್ಯ ಕೇಂದ್ರಗಳನ್ನು ಸದಸ್ಯ ಘಟಕಗಳು ಸೇರಿ ರಚಿಸಿದ ವಿಶೇಷ ಉದ್ದೇಶದ ಸಂಸ್ಥೆಯೇ ನಡೆಸುವುದು ಇದೇ ಕಾರಣಕ್ಕೆ.

2. ಸಾಮಾನ್ಯ ಖರ್ಚು ಯಾವುದು, ಸ್ವಂತ ಖರ್ಚು ಯಾವುದು ಎಂಬುದನ್ನು ಪಟ್ಟಿ ಮಾಡಿ. ಸ್ಥಿರ ವೆಚ್ಚವನ್ನು ಪಾಲಿಗೆ ಅನುಗುಣವಾಗಿಯೂ, ಬದಲಾಗುವ ವೆಚ್ಚವನ್ನು ಬಳಕೆಗೆ ಅನುಗುಣವಾಗಿಯೂ ಹಂಚಿರಿ. ಜಂಟಿ ಸಂಸ್ಥೆ ಸದಸ್ಯರಿಂದ ವಸೂಲು ಮಾಡುವ ಶುಲ್ಕದ ಮೇಲಿನ ಜಿಎಸ್‌ಟಿ ಹಾಗೂ ಇನ್‌ಪುಟ್ ತೆರಿಗೆ ಕ್ರೆಡಿಟ್ ಕುರಿತು ಆರಂಭದಲ್ಲಿಯೇ ಸಲಹೆ ಪಡೆಯಿರಿ.

3. ಬಳಕೆಯ ದಿನಸೂಚಿ ಕರಾರಿನ ಭಾಗವಾಗಲಿ. ಇಬ್ಬರಿಗೂ ಒಂದೇ ದಿನ ಬೇಕಾದಾಗ ಯಾರಿಗೆ ಆದ್ಯತೆ ಎಂಬುದು ಮೊದಲೇ ಗೊತ್ತಿರಬೇಕು.

4. ಒಬ್ಬರ ತಪ್ಪಿನಿಂದ ಬಂದ ದಂಡ, ಹಾನಿ ಅವರ ಖಾತೆಗೇ ಹೋಗಲಿ.

5. ನಿರ್ಗಮನದ ಷರತ್ತು ಅತಿ ಮುಖ್ಯ. ಒಬ್ಬ ಪಾಲುದಾರ ಹೊರಹೋಗುವಾಗ ಪಾಲಿನ ಬೆಲೆಯನ್ನು ಸ್ವತಂತ್ರ ಮೌಲ್ಯಮಾಪಕರು ನಿಗದಿ ಮಾಡಬೇಕು. ಉಳಿದವರಿಗೆ ಕೊಳ್ಳುವ ಮೊದಲ ಹಕ್ಕಿದ್ದರೂ ಹಣ ಪಾವತಿಗೆ ಕಾಲಮಿತಿ ಇರಬೇಕು. ಇದನ್ನು ಸ್ನೇಹ ಇರುವಾಗಲೇ ಬರೆಯಬೇಕು.

6. ಲೆಕ್ಕಪತ್ರದಲ್ಲಿ ಸರಿಯಾಗಿ ತೋರಿಸಿ. ಭಾರತೀಯ ಲೆಕ್ಕಶಾಸ್ತ್ರ ಮಾನಕ 111ರ ಪ್ರಕಾರ, ಆಸ್ತಿ ಹಾಗೂ ಹೊಣೆಗಳಲ್ಲಿ ನೇರ ಹಕ್ಕಿದ್ದರೆ ತನ್ನ ಪಾಲನ್ನು ನೇರವಾಗಿ ದಾಖಲಿಸಬೇಕು. ನಿವ್ವಳ ಆಸ್ತಿಯಲ್ಲಿ ಮಾತ್ರ ಹಕ್ಕಿದ್ದರೆ ಹೂಡಿಕೆಯೆಂದು ತೋರಿಸಬೇಕು.

7. ಕಟ್ಟಡ ಹಂಚಿಕೊಳ್ಳಬಹುದು, ಬೆಲೆಯನ್ನು ಹಂಚಿಕೊಳ್ಳಬಾರದು. ಎದುರಾಳಿಗಳು ಕೂಡಿ ಮಾರಾಟದ ಬೆಲೆ ನಿಗದಿ ಮಾಡುವುದು ಅಥವಾ ಗಿರಾಕಿಗಳನ್ನು ಹಂಚಿಕೊಳ್ಳುವುದು 2002ರ ಸ್ಪರ್ಧಾ ಕಾಯಿದೆಯ 3ನೆಯ ಕಲಮಿನ ವ್ಯಾಪ್ತಿಗೆ ಬರುತ್ತದೆ. ದಕ್ಷತೆ ಹೆಚ್ಚಿಸುವ ಜಂಟಿ ಉದ್ಯಮಗಳಿಗೆ ಅಲ್ಲಿ ವಿನಾಯಿತಿಯ ಅವಕಾಶ ಉಂಟು. ಆದರೆ ಜಂಟಿ ಸಭೆಗಳ ನಡವಳಿಯಲ್ಲಿ ಬೆಲೆಯ ಮಾತು ಬಾರದಂತೆ ಎಚ್ಚರ ವಹಿಸಬೇಕು.

ಮಿಲಾನಿನ ಇಬ್ಬರು ಎದುರಾಳಿಗಳು 1947ರಿಂದ ಒಂದೇ ಸೂರಿನಡಿ ಬಾಳುತ್ತಿದ್ದಾರೆ. ಅವರ ನಡುವಣ ಪೈಪೋಟಿ ಇದರಿಂದ ಕುಂದಿಲ್ಲ. 2023ರ ಚಾಂಪಿಯನ್ಸ್ ಲೀಗ್ ಉಪಾಂತ್ಯದಲ್ಲಿ ಇಂಟರ್ ಎರಡೂ ಪಂದ್ಯಗಳನ್ನು ಇದೇ ಅಂಗಳದಲ್ಲಿ ಗೆದ್ದು 2003ರ ಸೋಲನ್ನು ತೀರಿಸಿಕೊಂಡಿತು. ಹಂಚಿಕೆಗೆ ಮನಸ್ಸುಗಳು ಒಂದಾಗಬೇಕಾದ ಅಗತ್ಯವಿಲ್ಲ, ಷರತ್ತುಗಳು ಸ್ಪಷ್ಟವಾಗಿದ್ದರೆ ಸಾಕು. ಜಂಟಿ ಸೌಲಭ್ಯದ ಪ್ರಸ್ತಾಪ ಕೈಯಲ್ಲಿರುವ ಸದಸ್ಯರು ನೀಲನಕ್ಷೆಗೆ ಹಣ ಕೊಡುವ ಮುನ್ನ ನಿರ್ಗಮನದ ಷರತ್ತನ್ನು ಬರೆಸಿಕೊಳ್ಳಲಿ ಎಂಬುದು ಈ ಲೇಖನದ ಆಶಯ.